ಹಳೆಯ ನಾಣ್ಯವನ್ನು ತೊಳೆಯಬೇಕೇ?

ಈ ವರ್ಷ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕಾಗದದಲ್ಲಿ ಸುತ್ತಿದ ಒಂದು ನಾಣ್ಯವನ್ನು ನಮ್ಮ ಮೇಜಿನ ಮೇಲಿಟ್ಟನು. ಮನೆಯ ಪಾಯ ತೋಡುವಾಗ ಸಿಕ್ಕಿತಂತೆ. ಹಸಿರು ಕಿಲುಬು, ಮೇಲೆ ಮಣ್ಣು. "ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳೆಯುತ್ತದೆ ಅಂತ ಅವ್ವ ಹೇಳಿದಳು, ತಿಕ್ಕಲೇ?" ಎಂದು ಕೇಳಿದನು. "ಬೇಡ" ಎಂದೆವು. ಏಕೆ ಬೇಡ ಎಂಬುದನ್ನು ಎಲ್ಲರಿಗೂ ತಿಳಿಸುವುದೇ ಈ ಪಾಠದ ಉದ್ದೇಶ.

ಪರದೇಶಗಳಲ್ಲಿ ಲೋಹಶೋಧಕ ಯಂತ್ರ ಹಿಡಿದು ಹೊಲಗಳಲ್ಲಿ ನಾಣ್ಯ ಹುಡುಕುವವರಿದ್ದಾರೆ. ನಮ್ಮ ಸೀಮೆಯಲ್ಲಿ ನೇಗಿಲು, ಗುದ್ದಲಿಗಳೇ ಆ ಯಂತ್ರ. ನಮ್ಮ ನೆಲವೂ ಬಡವಲ್ಲ. ನಿಜಾಮರ ಕಾಲದಲ್ಲಿ ನಾರಾಯಣಪೇಟೆ, ಗದ್ವಾಲ, ವನಪರ್ತಿಗಳಲ್ಲಿಯೂ ನಾಣ್ಯಗಳನ್ನು ಅಚ್ಚು ಹಾಕುತ್ತಿದ್ದರು. ನಾರಾಯಣಪೇಟೆಯ ಟಂಕಸಾಲೆಗೆ ದಿಲ್‌ಶಾದಾಬಾದ್ ಎಂಬ ಹೆಸರಿತ್ತು. ಆಮೇಲೆ ಹೈದರಾಬಾದಿನ ಯಂತ್ರದಲ್ಲಿ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ರೂಪಾಯಿ ಬಂದಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೂ ಅದು ಕೆಲವು ವರ್ಷ ಚಲಾವಣೆಯಲ್ಲಿತ್ತು. ಅಂದಿನ ಏಳು ಹಾಲಿ ರೂಪಾಯಿ ಭಾರತದ ಆರು ರೂಪಾಯಿಗೆ ಸಮವೆಂದು ಹಿರಿಯರು ಲೆಕ್ಕ ಹಾಕುತ್ತಿದ್ದರು.

ನಮ್ಮ ಅಜ್ಜಿಯ ಗಂಟಿನಲ್ಲಿಯೂ ಕೈಯಿಂದ ಅಚ್ಚೊತ್ತಿದ ಒಂದು ಬೆಳ್ಳಿಯ ನಾಣ್ಯವಿತ್ತು. ಚಿಕ್ಕವರಿದ್ದಾಗ ದೀಪಾವಳಿಯ ಲಕ್ಷ್ಮೀಪೂಜೆಗೆಂದು ಅದನ್ನು ನಾವೇ ಬೂದಿ, ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿದೆವು. ಹೊಳೆಯಿತು, ಅಜ್ಜಿ ಮೆಚ್ಚಿದಳು. ವರ್ಷ ವರ್ಷವೂ ತಿಕ್ಕಿದೆವು. ದೊಡ್ಡವರಾಗಿ ಬಲ್ಲವರಿಗೆ ತೋರಿಸಿದಾಗ, "ಟಂಕಸಾಲೆಯ ಹೆಸರು ಈ ಅಂಚಿನಲ್ಲಿ ಇರಬೇಕಿತ್ತು, ಸವೆದುಹೋಗಿದೆ" ಎಂದರು. ಅದು ನಮ್ಮ ನಾರಾಯಣಪೇಟೆಯದೇ ಆಗಿತ್ತೋ ಏನೋ. ಈಗ ಹೇಳುವವರಿಲ್ಲ. ಅದನ್ನು ಅಳಿಸಿದ ಕೈ ನಮ್ಮದೇ.

ಹೀಗೇಕೆ ಆಗುತ್ತದೆ? ತಾಮ್ರವು ಗಾಳಿ, ನೀರು, ಮಣ್ಣುಗಳ ಸಂಗಡ ಕೂಡಿ ಹಸಿರು ಅಥವಾ ಕಂದು ಪದರನ್ನು ಪಡೆಯುತ್ತದೆ. ಗಟ್ಟಿಯಾಗಿ, ನಯವಾಗಿ ಕುಳಿತ ಪದರು ಒಳಗಿನ ಲೋಹವನ್ನು ಕಾಯುತ್ತದೆ. ಎಷ್ಟೋ ಸಲ ಅಕ್ಷರಗಳು ಆ ಪದರಿನಲ್ಲಿಯೇ ಉಳಿದಿರುತ್ತವೆ. ಪದರು ಹೋದರೆ ಅಕ್ಷರವೂ ಹೋಗುತ್ತದೆ. ಹುಣಸೆ, ನಿಂಬೆಗಳ ಹುಳಿಯು ಆಮ್ಲ. ಅದು ಕಿಲುಬನ್ನು ಕರಗಿಸುತ್ತದೆ. ಬೂದಿ, ಮರಳುಗಳು ಲೋಹವನ್ನೇ ಉಜ್ಜಿ ತೆಗೆಯುತ್ತವೆ. ಬೆಳ್ಳಿಯ ಮೇಲಿನ ಕಪ್ಪು ಗಂಧಕದಿಂದಾದುದು. ಅದನ್ನು ತಿಕ್ಕಿ ತೆಗೆದಷ್ಟು ಸಲವೂ ಬೆಳ್ಳಿ ಸವೆಯುತ್ತದೆ, ನಾಣ್ಯದ ತೂಕವೂ ಇಳಿಯುತ್ತದೆ. ತೂಕವೆಂದರೆ ನಾಣ್ಯದ ಜಾತಿಯನ್ನು ಹೇಳುವ ಸಾಕ್ಷಿ. ಚಿನ್ನವೊಂದೇ ಕಿಲುಬು ಹಿಡಿಯದು.

ಎಲ್ಲ ಹಸಿರೂ ಒಂದೇ ಅಲ್ಲ. ತಿಳಿಹಸಿರಿನ ಪುಡಿ ಉದುರುತ್ತಿದ್ದರೆ ಅದು ಲವಣದ ಕ್ಲೋರೈಡಿನಿಂದ ಬಂದ ರೋಗವಿರಬಹುದು. ತೇವದಲ್ಲಿ ಬೆಳೆದು ನಾಣ್ಯವನ್ನೇ ತಿನ್ನುತ್ತದೆ. ಅಂಥದನ್ನು ಒಣಗಿದ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟು ತಜ್ಞರಿಗೆ ತೋರಿಸಬೇಕು. ಹಾಗಾದರೆ ನಾಣ್ಯವನ್ನು ಎಂದೂ ಶುದ್ಧಿ ಮಾಡಬಾರದೇ? ಮಾಡಬಹುದು, ಆದರೆ ಬಲ್ಲವರು ಮಾಡಬೇಕು. ಇದಕ್ಕೆಂದೇ ಲಕ್ನೋದಲ್ಲಿ 1976ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯವಿದೆ. ಅಲ್ಲಿ ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ. ನಮ್ಮಲ್ಲಿ ಮೊದಲು ಹುಣಸೆಹಣ್ಣು!

ಮಕ್ಕಳೇ, ನಾಣ್ಯ ಸಿಕ್ಕರೆ ಹೀಗೆ ಮಾಡಿರಿ:

1. ಇನ್ನೂ ಅಗೆಯಬೇಡಿರಿ. ಯಾವ ಸ್ಥಳ, ಎಷ್ಟು ಆಳ, ಜೊತೆಗೆ ಗಡಿಗೆ, ಬಟ್ಟೆಯ ಗುರುತು ಇತ್ತೇ ಎಂಬುದನ್ನು ಬರೆದಿಡಿರಿ. ಇದು ನಾಣ್ಯದಷ್ಟೇ ಬೆಲೆಯುಳ್ಳದ್ದು.

2. ಅಂಚನ್ನು ಹಿಡಿದು ಎತ್ತಿರಿ. ಬೆವರಿನಲ್ಲಿ ಉಪ್ಪಿದೆ.

3. ತಿಕ್ಕಬೇಡಿರಿ, ಹುಳಿ ಹಾಕಬೇಡಿರಿ. ಎರಡೂ ಬದಿಯ ಚಿತ್ರ ತೆಗೆದು, ಒಣಗಿದ ಕಾಗದದ ಲಕೋಟೆಯಲ್ಲಿಡಿರಿ.

4. ಹಿರಿಯರಿಗೆ ತಿಳಿಸಿರಿ. 1878ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಸಿಕ್ಕ, ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕು. ಮುಚ್ಚಿಡುವುದು ಅಪರಾಧ. ಸರ್ಕಾರ ಅದನ್ನು ತೆಗೆದುಕೊಂಡರೆ ಬೆಲೆ ಕೊಡುವ ಏರ್ಪಾಡೂ ಅದರಲ್ಲಿಯೇ ಇದೆ.

ಮಾಡಿ ನೋಡಿರಿ: ಕಪ್ಪಾದ ತಾಮ್ರದ ತಂತಿಯ ತುಂಡೊಂದನ್ನು ಗಾಜಿನ ಲೋಟದಲ್ಲಿ ನಿಂಬೆರಸಕ್ಕೆ ಹಾಕಿ ಒಂದು ರಾತ್ರಿ ಬಿಡಿರಿ. ತಂತಿ ಬೆಳಗುತ್ತದೆ. ಆದರೆ ಹೋದ ಕಪ್ಪು ಎಲ್ಲಿಗೆ ಹೋಯಿತು? ರಸದಲ್ಲಿ ಕರಗಿತು, ಆ ಕಪ್ಪಿನಲ್ಲಿ ತಾಮ್ರವೂ ಇತ್ತು. ರಸವನ್ನು ಚೆಲ್ಲಿಬಿಡಿರಿ, ರುಚಿ ನೋಡಬೇಡಿರಿ.

ತಾಯಂದಿರಲ್ಲಿ ಒಂದು ಬಿನ್ನಹ. ದೇವರ ಮುಂದಿನ ತಂಬಿಗೆ, ಆರತಿಯ ತಟ್ಟೆಗಳನ್ನು ಹುಣಸೆಹಣ್ಣಿನಿಂದ ಬೆಳಗಿರಿ. ಅದು ನಮ್ಮ ಮನೆಗಳ ಒಳ್ಳೆಯ ಪದ್ಧತಿ. ಹಳೆಯ ನಾಣ್ಯಕ್ಕೆ ಮಾತ್ರ ಅರಿಶಿನ ಕುಂಕುಮವನ್ನೂ ಪಕ್ಕದಲ್ಲಿಟ್ಟು ಪೂಜಿಸಿರಿ.

ಆ ಹುಡುಗನ ನಾಣ್ಯದ ವಿಷಯವನ್ನು ಅವನ ತಂದೆಯವರು ಕಾಯ್ದೆಯಂತೆ ಕಚೇರಿಗೆ ಬರೆದು ತಿಳಿಸಿದ್ದಾರೆ. ಅದು ಯಾವ ಕಾಲದ್ದೋ ನಮಗೆ ತಿಳಿಯದು. ಆದರೆ ಓದುವವರು ಬಂದಾಗ ಓದಲು ಅದರ ಮೇಲೆ ಅಕ್ಷರಗಳು ಉಳಿದಿವೆ.