ಹಾಲುಣಿಸುವ ಪ್ರಾಣಿಗಳು

ಮಕ್ಕಳೇ, ಸಂಜೆಯ ಹೊತ್ತು ಬಾವಲಿಗಳು ಹಾರುವುದನ್ನು ನೀವು ನೋಡಿದ್ದೀರಿ. ಅವಕ್ಕೆ ರೆಕ್ಕೆಗಳಿವೆ. ಹಾಗಾದರೆ ಬಾವಲಿ ಹಕ್ಕಿಯೇ? ಅಲ್ಲ. ಬಾವಲಿ ಮರಿ ಹಾಕಿ ಹಾಲುಣಿಸುತ್ತದೆ. ನಿಮ್ಮ ಕೊಟ್ಟಿಗೆಯ ಎಮ್ಮೆಯೂ ಹಾಗೆಯೇ ಅಲ್ಲವೇ? ಮರಿಗೆ ಹಾಲುಣಿಸುವ ಪ್ರಾಣಿಗಳನ್ನು ಸಸ್ತನಿಗಳು ಎನ್ನುತ್ತೇವೆ. ಸ್ತನವುಳ್ಳವು ಎಂದು ಆ ಪದದ ಅರ್ಥ. ನಾವೂ ಸಸ್ತನಿಗಳೇ.

ಸಸ್ತನಿಗಳು ಶ್ವಾಸಕೋಶಗಳಿಂದ ಉಸಿರಾಡುತ್ತವೆ. ಇವು ಬಿಸಿರಕ್ತದ ಪ್ರಾಣಿಗಳು. ಹೊರಗೆ ಎಷ್ಟೇ ಚಳಿಯಿದ್ದರೂ ಮೈಯ ಶಾಖ ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತದೆ. ಮೈಮೇಲೆ ಕೂದಲಿರುತ್ತದೆ. ಚಿಪ್ಪುಹಂದಿಯ ಬೆನ್ನೆಲ್ಲ ಚಿಪ್ಪು. ಆದರೂ ಅದರ ಹೊಟ್ಟೆಯ ಭಾಗದಲ್ಲಿ ಕೂದಲುಂಟು.

ಇಲಿ, ಅಳಿಲು, ಮೇಕೆ, ಹುಲಿ, ಮಂಗ ಮೊದಲಾದವುಗಳ ಮರಿ ತಾಯಿಯ ಗರ್ಭದಲ್ಲಿ ಬೆಳೆದು ಹುಟ್ಟುತ್ತದೆ. ಹೆಚ್ಚಿನ ಸಸ್ತನಿಗಳು ಈ ಗುಂಪಿಗೆ ಸೇರಿವೆ. ಆಸ್ಟ್ರೇಲಿಯಾದ ಕಾಂಗರೂ ಬೇರೆ ಗುಂಪಿನದು. ಹುಟ್ಟುವಾಗ ಅದರ ಮರಿ ನಿಮ್ಮ ಕಿರುಬೆರಳಿಗಿಂತ ಚಿಕ್ಕದು. ಅದು ತಾಯಿಯ ಹೊಟ್ಟೆಯ ಚೀಲದೊಳಗೆ ಹಾಲು ಕುಡಿಯುತ್ತಾ ಬೆಳೆಯುತ್ತದೆ. ಮೂರನೆಯ ಗುಂಪು ಬಹಳ ವಿಚಿತ್ರ. ಅಲ್ಲಿಯ ಪ್ಲಾಟಿಪಸ್ ಮೊಟ್ಟೆಯಿಡುತ್ತದೆ! ಆದರೂ ಅದು ಸಸ್ತನಿ. ಏಕೆ ಗೊತ್ತೇ? ಮೊಟ್ಟೆಯೊಡೆದು ಬಂದ ಮರಿ ತಾಯಿಯ ಹೊಟ್ಟೆಯ ಮೇಲೆ ಜಿನುಗುವ ಹಾಲನ್ನು ನೆಕ್ಕಿ ಕುಡಿಯುತ್ತದೆ.

ನಮ್ಮ ಕೃಷ್ಣಗಿರಿ ಜಿಲ್ಲೆಯ ಅತಿ ದೊಡ್ಡ ಸಸ್ತನಿ ಆನೆ. ಆನೆ ಸುಮಾರು 22 ತಿಂಗಳು ಗರ್ಭ ಧರಿಸುತ್ತದೆ. ಹುಟ್ಟಿದ ಮರಿಯ ತೂಕ ಸುಮಾರು 100 ಕಿಲೋ. ಆನೆಯ ಸ್ತನಗಳು ಹಸುವಿನಂತೆ ಹಿಂಗಾಲುಗಳ ನಡುವೆ ಇಲ್ಲ, ಮುಂಗಾಲುಗಳ ನಡುವೆ ಇವೆ. ಮರಿ ಸೊಂಡಿಲನ್ನು ಮೇಲೆತ್ತಿ ಬಾಯಿಯಿಂದಲೇ ಹಾಲು ಕುಡಿಯುತ್ತದೆ. ಎರಡು ವರ್ಷ ತುಂಬಿದ ಮೇಲೂ ಅದು ಹಾಲು ಬಿಡುವುದಿಲ್ಲ.

ಮುಂಗಾರು ಕಳೆದ ಮೇಲೆ ಬನ್ನೇರುಘಟ್ಟದ ಕಾಡಿನಿಂದ ಆನೆಗಳು ಜವಳಗಿರಿ, ತಳಿ, ಡೆಂಕಣಿಕೋಟೆಯ ಕಡೆಗೆ ಬರುತ್ತವೆ. ಅದು ನಮ್ಮಲ್ಲಿ ರಾಗಿ ತೆನೆ ಬಲಿಯುವ ಕಾಲ. ರೈತರು ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಕಾಯುತ್ತಾರೆ. ಹಿಂಡು ನುಗ್ಗಿದರೆ ಬೆಳೆದ ಬೆಳೆ ಒಂದೇ ರಾತ್ರಿಗೆ ಹೋಗುತ್ತದೆ. ಆ ಕಷ್ಟ ಸಣ್ಣದಲ್ಲ. ಆದರೆ ಕೆಲವರು ಬೇಲಿಗೆ ವಿದ್ಯುತ್ ಹರಿಸುತ್ತಾರೆ. ಅದು ಕಾನೂನಿಗೆ ವಿರುದ್ಧ. ಕತ್ತಲಲ್ಲಿ ಮನುಷ್ಯರನ್ನೂ ಕೊಲ್ಲುತ್ತದೆ. 2023ರ ಮಾರ್ಚ್ ತಿಂಗಳಲ್ಲಿ ಪಕ್ಕದ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಇಂತಹ ಬೇಲಿಗೆ ಸಿಕ್ಕಿ ಮೂರು ಆನೆಗಳು ಸತ್ತವು. ಜೊತೆಗಿದ್ದ ಎರಡು ಮರಿಗಳು ಉಳಿದವು.

ಚಟುವಟಿಕೆ: ನಿಮ್ಮ ಊರಿನಲ್ಲಿ ಕಾಣುವ ಹತ್ತು ಪ್ರಾಣಿಗಳ ಹೆಸರು ಬರೆಯಿರಿ. ಅವುಗಳಲ್ಲಿ ಮರಿಗೆ ಹಾಲುಣಿಸುವವು ಯಾವುವು? ಮನೆಯ ಹಿರಿಯರನ್ನು ಕೇಳಿ ಗುರುತಿಸಿರಿ.