ವಾಲುಯಿಜಿಗೆ ಸೀಟು ಯಾಕ ಸಿಗಲಿಲ್ಲ?

ವಾಡಿ ಜಂಕ್ಷನ್ ನೋಡಿದವರಿಗೆ ಇದು ಗೊತ್ತು. ಮುಂಬೈ ಕಡೆಯಿಂದ ಶಹಾಬಾದ್ ದಾಟಿ ಬಂದ ಹಳಿ ಅಲ್ಲಿ ಎರಡಾಗುತ್ತದೆ. ಒಂದು ರಾಯಚೂರು, ಗುಂತಕಲ್ ಕಡೆಗೆ ಹೋಗುತ್ತದೆ. ಇನ್ನೊಂದು ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದ್ ಕಡೆಗೆ. ಎಲ್ಲಾ ದಿಕ್ಕಿನ ಗಾಡಿಗಳು ಬಂದು ಸೇರುವ ಜಾಗ ಅದು. ಚಿಂಚೋಳಿ ಗೆಳೆಯರಿಗೆ ಮಾತ್ರ ಈ ಭಾಗ್ಯ ಇಲ್ಲ. ಅವರೂರಿಗೆ ಹಳಿಯೇ ಇಲ್ಲ, ರೈಲು ಹಿಡಿಯಬೇಕಂದ್ರ ಮೊದಲು ಬಸ್ ಹಿಡೀಬೇಕು.

ಕ್ರಾಸ್‌ಓವರ್ ಫೈಟಿಂಗ್ ಗೇಮ್ ಅಂದ್ರ ಹಿಂಗೇ ಒಂದು ಜಂಕ್ಷನ್. ಬೇರೆ ಬೇರೆ ಗೇಮ್‌ಗಳ ಪಾತ್ರಗಳು ಒಂದೇ ಅಖಾಡಕ್ಕೆ ಬಂದು ಹೊಡೆದಾಡುತ್ತವೆ. ಇಲ್ಲೂ ಚಿಂಚೋಳಿಯಂಥ ಒಬ್ಬ ಇದ್ದಾನೆ, ಹೆಸರು ವಾಲುಯಿಜಿ. ಅವನಿಗೆ ಯಾಕೆ ಸೀಟು ಸಿಗಲಿಲ್ಲ ಅನ್ನೋದನ್ನ ಎಂಜಿನಿಯರಿಂಗ್ ಕಣ್ಣಿನಿಂದ ನೋಡೋದೇ ಈ ಪಾಠ.

ಯಾರು ಈ ವಾಲುಯಿಜಿ?

2000ನೇ ಇಸವಿಯಲ್ಲಿ ನಿಂಟೆಂಡೊ 64ಕ್ಕೆ ‘ಮಾರಿಯೊ ಟೆನಿಸ್’ ಬಂತು. ಡಬಲ್ಸ್ ಆಡಲು ಮಾರಿಯೊಗೆ ತಮ್ಮ ಲುಯಿಜಿ ಇದ್ದ. ಎದುರಾಳಿ ವಾರಿಯೊಗೆ ಜೋಡಿ ಇರಲಿಲ್ಲ. ಆ ಜಾಗ ತುಂಬಲು ಹುಟ್ಟಿಸಿದ ಪಾತ್ರವೇ ವಾಲುಯಿಜಿ. ಜಪಾನಿ ಭಾಷೆಯಲ್ಲಿ ‘ವಾರುಯಿ’ ಅಂದರೆ ಕೆಟ್ಟ. ಅದನ್ನ ಲುಯಿಜಿಗೆ ಅಂಟಿಸಿದ್ದೇ ಹೆಸರಾಯಿತು. ಉದ್ದ ಕಾಲು, ನೇರಳೆ ಟೋಪಿ, ಸದಾ ಸಿಡುಕು ಮುಖ. ಟೆನಿಸ್, ಗಾಲ್ಫ್, ಕಾರ್ಟ್ ರೇಸ್ ಎಲ್ಲದರಲ್ಲೂ ಇದ್ದಾನೆ. ಆದರೆ ಅವನೇ ನಾಯಕನಾದ ಗೇಮ್ ಒಂದೂ ಇಲ್ಲ. ಮದುವೆ ಮನೆಯಲ್ಲಿ ಎಲ್ಲಾ ಕೆಲಸಕ್ಕೂ ಕರೆಸಿಕೊಂಡು, ಫೋಟೊ ತೆಗೆಯೋವಾಗ ಮರೆತುಬಿಡುವ ದೂರದ ಸಂಬಂಧಿ ಇರ್ತಾನಲ್ಲ, ಹಂಗ.

ನಿಂಟೆಂಡೊದ ಕ್ರಾಸ್‌ಓವರ್ ಗೇಮ್ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’. ಮಸಾಹಿರೊ ಸಕುರಾಯಿ ಇದರ ನಿರ್ದೇಶಕರು. 1999ರ ಮೊದಲ ಗೇಮ್‌ನಲ್ಲಿ 12 ಜನ ಹೋರಾಟಗಾರರಿದ್ದರು. 2018ರ ‘ಅಲ್ಟಿಮೇಟ್’ ತನ್ನ ಹೆಚ್ಚುವರಿ ಪಾತ್ರಗಳೆಲ್ಲ ಬಂದು ಮುಗಿಯುವ ಹೊತ್ತಿಗೆ ಆ ಸಂಖ್ಯೆ 89 ಮುಟ್ಟಿತು. ವಾಲುಯಿಜಿ 2008ರ ‘ಬ್ರಾಲ್’ನಿಂದ ಅದರಲ್ಲಿ ಇದ್ದಾನೆ, ಆದರೆ ‘ಅಸಿಸ್ಟ್ ಟ್ರೋಫಿ’ಯಾಗಿ. ಆಟದ ನಡುವೆ ಒಂದು ವಸ್ತು ಸಿಗುತ್ತದೆ, ಅದನ್ನ ಎತ್ತಿದರೆ ಅವನು ಬಂದು ಕೆಲವು ಸೆಕೆಂಡ್ ಸಹಾಯ ಮಾಡಿ ಮಾಯವಾಗುತ್ತಾನೆ. ಅವನನ್ನ ನಾವು ಆಡಿಸೋ ಹಂಗಿಲ್ಲ.

2018ರ ಜೂನ್‌ನಲ್ಲಿ ಅಲ್ಟಿಮೇಟ್ ತೋರಿಸಿದಾಗಲೂ ಅವನು ಅಸಿಸ್ಟ್ ಟ್ರೋಫಿಯೇ. ಅಭಿಮಾನಿಗಳ ಸಿಟ್ಟು ನೆತ್ತಿಗೇರಿತು. ಅದೇ ನವೆಂಬರ್‌ನಲ್ಲಿ ಹೊಸ ಹೋರಾಟಗಾರನ ಘೋಷಣೆ ಆಯಿತು: ಪಿರಾನ್ಹಾ ಪ್ಲಾಂಟ್. ಕುಂಡದೊಳಗಿನ ಒಂದು ಗಿಡ! ಗಿಡಕ್ಕೆ ಸೀಟು ಸಿಕ್ಕಿತು, ವಾಲುಯಿಜಿಗೆ ಇಲ್ಲ.

ಮತ ಹಾಕಿದರೆ ಸಾಕೇ?

2015ರ ಏಪ್ರಿಲ್ 1ರಿಂದ ಅಕ್ಟೋಬರ್ 3ರವರೆಗೆ ನಿಂಟೆಂಡೊ ‘ಫೈಟರ್ ಬ್ಯಾಲಟ್’ ನಡೆಸಿತು. ಯಾವ ಪಾತ್ರ ಬೇಕು ಅಂತ ಯಾರು ಬೇಕಾದರೂ ಬರೆದು ಕಳಿಸಬಹುದಿತ್ತು. ಡಿಸೆಂಬರ್‌ನಲ್ಲಿ ಬಯೋನೆಟಾಳ ಘೋಷಣೆ ಆಯಿತು. ಆಗ ಹೇಳಿದ ಮಾತು ಗಮನಿಸಿ: ಮಾತುಕತೆಗೆ ಸಾಧ್ಯವಿದ್ದ, ಮಾಡಲು ಆಗುವಂಥ ಪಾತ್ರಗಳ ಪೈಕಿ ಅವಳು ಮೊದಲನೆಯವಳು. ಅಂದರೆ ಬರೀ ಮತ ಎಣಿಸಿ ಫಲಿತಾಂಶ ಹೇಳಲಿಲ್ಲ.

ನಿಜವಾಗಿ ಅತಿ ಹೆಚ್ಚು ಜನ ಕೇಳಿದ್ದು ‘ಕಿಂಗ್‌ಡಮ್ ಹಾರ್ಟ್ಸ್’ನ ಸೋರಾನನ್ನ. ಅದು ಹೊರಬಿದ್ದದ್ದು 2021ರ ಅಕ್ಟೋಬರ್‌ನಲ್ಲಿ, ಕೊನೆಯ ಹೋರಾಟಗಾರನಾಗಿ ಅವನು ಬಂದಾಗಲೇ. ಸೋರಾನ ಹಿಂದೆ ಡಿಸ್ನಿ ಇದೆ. ಜನರ ಮನಸ್ಸು ಗೆಲ್ಲೋದು ಒಂದು ಕೆಲಸ, ಡಿಸ್ನಿಯ ಸಹಿ ತರೋದು ಇನ್ನೊಂದು. ಬ್ಯಾಂಜೊ ಕಥೆಯೂ ಹಂಗೇ. 1997ರಲ್ಲಿ ನಿಂಟೆಂಡೊ 64ರಲ್ಲೇ ಹುಟ್ಟಿದ ಕರಡಿ ಅದು. 2002ರಲ್ಲಿ ಅದನ್ನ ಮಾಡಿದ ‘ರೇರ್’ ಕಂಪನಿಯನ್ನ ಮೈಕ್ರೋಸಾಫ್ಟ್ ಕೊಂಡಿತು. ಬ್ಯಾಂಜೊ ಸ್ಮ್ಯಾಶ್‌ಗೆ ಬಂದದ್ದು 2019ರಲ್ಲಿ.

ಹಾಗಾದರೆ ವಾಲುಯಿಜಿ ನಿಂಟೆಂಡೊದ ಸ್ವಂತ ಮಗನೇ ಅಲ್ವಾ, ಅವನಿಗೇನು ಅಡ್ಡಿ? ಅದಕ್ಕೆ ಎರಡನೇ ಲೆಕ್ಕ ನೋಡಬೇಕು.

ಒಂದು ಪಾತ್ರದ ಬೆಲೆ

n ಹೋರಾಟಗಾರರಿದ್ದರೆ ಬೇರೆ ಬೇರೆ ಜೋಡಿಗಳು n(n−1)/2. ಇದು ಪಿಯುಸಿ ಗಣಿತ. 12 ಜನರಿಗೆ 66 ಜೋಡಿ. 89 ಜನರಿಗೆ 3,916. ತೊಂಬತ್ತನೆಯವನನ್ನ ಸೇರಿಸಿದರೆ ಅವನೊಬ್ಬನಿಂದಲೇ 89 ಹೊಸ ಜೋಡಿ. ಪ್ರತಿ ಜೋಡಿಯಲ್ಲೂ ಯಾರೂ ಅತಿಯಾಗಿ ಬಲಶಾಲಿ ಆಗಬಾರದು. ಅದನ್ನೆಲ್ಲ ಆಡಿ ನೋಡಿ ಸರಿಮಾಡುವವರು ಮನುಷ್ಯರು.

ಇಷ್ಟೇ ಅಲ್ಲ. ಅಲ್ಟಿಮೇಟ್‌ನಲ್ಲಿ ಒಬ್ಬೊಬ್ಬ ಹೋರಾಟಗಾರನಿಗೆ ಎಂಟು ವೇಷ, ನಾಲ್ಕು ವಿಶೇಷ ಹೊಡೆತ, ಒಂದು ಕೊನೆಯ ಮಹಾಹೊಡೆತ, ದನಿ, ಗೆಲುವಿನ ದೃಶ್ಯ ಬೇಕು. ಜೊತೆಗೆ ಕರ್ಬಿ ಅನ್ನೋ ಗುಂಡನೆಯ ಪಾತ್ರ ಎದುರಾಳಿಯನ್ನ ನುಂಗಿ ಅವನ ಶಕ್ತಿ ಕದಿಯುತ್ತದೆ. ಹೊಸಬ ಬಂದಾಗಲೆಲ್ಲ ಕರ್ಬಿಗೂ ಹೊಸ ಟೋಪಿ, ಹೊಸ ಶಕ್ತಿ ಮಾಡಬೇಕು. ಲ್ಯಾಬಿನಲ್ಲಿ ಒಂದು ಫಂಕ್ಷನ್ ಬದಲಿಸಿದರೆ ಮೂರು ಕಡೆ ಎರರ್ ಬರುತ್ತಲ್ಲ, ಹಂಗೇ.

ಈ ಲೆಕ್ಕದಲ್ಲಿ ಸಮಯ ಸೀಮಿತ. ಒಬ್ಬನಿಗೆ ಸೀಟು ಕೊಟ್ಟರೆ ಇನ್ನೊಬ್ಬನಿಗೆ ಇಲ್ಲ. ಆದ್ದರಿಂದ ‘ಇವನು ಆಟಕ್ಕೆ ಹೊಸದೇನು ತರುತ್ತಾನೆ?’ ಅನ್ನೋ ಪ್ರಶ್ನೆ ಬರುತ್ತದೆ. ತನ್ನದೇ ಗೇಮ್ ಇಲ್ಲದ ವಾಲುಯಿಜಿಗೆ ತನ್ನದೇ ಹೊಡೆತಗಳ ಇತಿಹಾಸವೂ ಕಡಿಮೆ. ಇದು ನನ್ನ ಊಹೆ. ಒಪ್ಪದವರು ವಾದಕ್ಕೆ ಬರ್ರಿ. ಯಾಕಂದ್ರ ಇದಕ್ಕೆ ಎದುರು ಉದಾಹರಣೆಯೂ ಇದೆ. ‘ಮೆಟ್ರಾಯ್ಡ್’ನ ರಿಡ್ಲಿ ಬಹಳ ದೊಡ್ಡ ದೇಹದವನು, ಹೋರಾಟಗಾರನಾಗಿ ಹೊಂದೋದಿಲ್ಲ ಅನ್ನೋದು ವರ್ಷಗಳ ಕಾಲ ಇದ್ದ ಮಾತು. ಅದೇ 2018ರ ಜೂನ್‌ನಲ್ಲಿ ರಿಡ್ಲಿ ಬಂದೇಬಿಟ್ಟ. ಇವತ್ತಿನ ‘ಆಗೋದಿಲ್ಲ’ ಅನ್ನೋದು ಯಾವಾಗಲೂ ಕೊನೆಯ ಮಾತಲ್ಲ.

ಕೇಳೋದು ತಪ್ಪಲ್ಲ. ಆದರೆ ಆಸೆ ಹಕ್ಕಾದಾಗ ಕೆಲವರು ನಿರ್ದೇಶಕರನ್ನೇ ಬೈಯಲು ಇಳಿದರು. ಬೈಗುಳದಿಂದ ಒಂದು ಜೋಡಿಯ ಕೆಲಸವೂ ಕಡಿಮೆ ಆಗೋದಿಲ್ಲ.

ನಮ್ಮವರು ಎಲ್ಲಿ?

ಫೈಟಿಂಗ್ ಗೇಮ್‌ನಲ್ಲಿ ಭಾರತ ಅಂದರೆ ಮೊದಲು ನೆನಪಾಗೋದು ಧಾಲ್ಸಿಮ್. 1991ರ ‘ಸ್ಟ್ರೀಟ್ ಫೈಟರ್ 2’ರಲ್ಲಿ ಬಂದ, 1997ರ ‘ಮಾರ್ವೆಲ್ ವರ್ಸಸ್ ಸ್ಟ್ರೀಟ್ ಫೈಟರ್’ ಕ್ರಾಸ್‌ಓವರ್‌ನಲ್ಲೂ ಇದ್ದ, 2023ರ ‘ಸ್ಟ್ರೀಟ್ ಫೈಟರ್ 6’ರಲ್ಲೂ ಇದ್ದಾನೆ. ಕೊರಳಲ್ಲಿ ತಲೆಬುರುಡೆ, ಬಾಯಲ್ಲಿ ಬೆಂಕಿ, ರಬ್ಬರಿನಂಥ ಕೈಕಾಲು. ಆಡಲು ಮಜಾ ಇದೆ. ಆದರೆ ಅದು ಜಪಾನಿನ ಒಂದು ಕಂಪನಿ ಕಲ್ಪಿಸಿಕೊಂಡ ಭಾರತ. ನಾವು ಬರೆಯದಿದ್ದರೆ ನಮ್ಮನ್ನ ಬೇರೆಯವರು ಬರೀತಾರ, ಅವರಿಗೆ ತಿಳಿದಂಗ.

ನಮ್ಮ ಕಡೆ ಸರಕಿಗೆ ಬರ ಇಲ್ಲ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಚಕ್ರವರ್ತಿಯ ಮಾತೇ ಎಷ್ಟೋ ಕಾಲ ಯಾರ ಕಣ್ಣಿಗೂ ಬೀಳದೆ ಇತ್ತು. ವಾಲುಯಿಜಿ ಯಾವ ಲೆಕ್ಕ!

ಹೋಮ್‌ವರ್ಕ್

ಒಂದು ಪಾತ್ರ ಮಾಡೋಣ. ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳು. ಕೈಯಲ್ಲಿ ಸುತ್ತಿಗೆ, ಹೆಗಲ ಮೇಲೆ ಪರಸಿ. ಫೈಟಿಂಗ್ ಗೇಮ್ ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಂದ ಕಂಡದ್ದಕ್ಕೆ ಬೆರಳು ಸ್ಪಂದಿಸಲು ನಮಗೆ ಸುಮಾರು 250 ಮಿಲಿಸೆಕೆಂಡ್ ಬೇಕು, ಅಂದರೆ 15 ಫ್ರೇಮ್.

ಅವಳ ಸುತ್ತಿಗೆ ಏಟು 5 ಫ್ರೇಮ್‌ನಲ್ಲಿ, ಅಂದರೆ 83 ಮಿಲಿಸೆಕೆಂಡ್‌ನಲ್ಲಿ ತಗಲಲಿ. ನೋಡಿ ತಡೆಯಲು ಆಗೋದಿಲ್ಲ, ಹಾಗಾಗಿ ಪೆಟ್ಟು ಚಿಕ್ಕದಿರಬೇಕು. ಪರಸಿ ಎಸೆತಕ್ಕೆ 20 ಫ್ರೇಮ್, ಅಂದರೆ 333 ಮಿಲಿಸೆಕೆಂಡ್ ಇಡಿ. ಎಚ್ಚರ ಇದ್ದವನು ತಡೀತಾನ. ಹಾಗಾಗಿ ತಗಲಿದರೆ ಪೆಟ್ಟು ದೊಡ್ಡದಿರಲಿ. ತಡೆದರೆ ಅವಳು ಕ್ಷಣಹೊತ್ತು ಬಯಲಿಗೆ ಬೀಳಲಿ. ವೇಗ ಕೊಟ್ಟ ಕಡೆ ಬಲ ಕಳೀಬೇಕು, ಬಲ ಕೊಟ್ಟ ಕಡೆ ವೇಗ ಕಳೀಬೇಕು. ಸಮತೋಲನ ಅಂದರೆ ಇದೇ.

ಮಾಡಲು ದೊಡ್ಡ ಕಂಪನಿ ಬೇಕಿಲ್ಲ. 1999ರಿಂದ ‘ಮುಗೆನ್’ ಅನ್ನೋ ಉಚಿತ ಎಂಜಿನ್‌ನಲ್ಲಿ ಅಭಿಮಾನಿಗಳು ತಮಗೆ ಬೇಕಾದ ಪಾತ್ರಗಳನ್ನ ತಾವೇ ಸೇರಿಸಿ ಆಡುತ್ತಿದ್ದಾರೆ. ಇವತ್ತು ‘ಗೊಡೊ’ ಇದೆ, ಅದೂ ಉಚಿತ. ಎರಡು ಪಾತ್ರ, ಒಂದು ಅಖಾಡ, ಮೂರು ಮೂರು ಹೊಡೆತ: ಇಷ್ಟಾದರೆ ಒಂದು ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್.

ನಿಮ್ಮ ಊರಿನ ಒಂದು ಪಾತ್ರ ಆರಿಸಿ. ಒಂದು ಹಾಳೆಯ ಮೇಲೆ ಹೆಸರು, ಮೂರು ಹೊಡೆತ, ಫ್ರೇಮ್ ಲೆಕ್ಕ, ಒಂದು ದೌರ್ಬಲ್ಯ ಬರೆಯಿರಿ. ದೌರ್ಬಲ್ಯ ಬರೆಯದ ಹಾಳೆ ವಾಪಸ್! ವಾಲುಯಿಜಿ ಮುಂದಿನ ಸ್ಮ್ಯಾಶ್‌ನಲ್ಲಿ ಬರಲಿ ಅಂತ ನಾನೂ ಕಾಯ್ತೀನಿ. ಆದರೆ ಕಾಯುತ್ತಾ ಕೂತಾಗ ಕೈಗೆ ಕೆಲಸ ಇರಲಿ. ಚಿಂಚೋಳಿಯವರ ಹಾಳೆ ಮೊದಲು ಬರಲಿ ಅನ್ನೋದು ನನ್ನ ಆಸೆ. ಈ ಜಂಕ್ಷನ್‌ಗೆ ಬರಲು ಹಳಿ ಬೇಕಾಗಿಲ್ಲ.