ಟ್ವೀಟರ್ ಕಿವಿ ಚುಚ್ಚಿತು, ಮದ್ದು ಅಟ್ಟದಲ್ಲಿತ್ತು

ಅಮ್ಮನನ್ನು ಕೂರಿಸಿಕೊಂಡು ಮಂದಾರ್ತಿಗೆ ಹೊರಟಿದ್ದೆ. ಗಂಗೊಳ್ಳಿ ಬಿಟ್ಟು, ಗುಜ್ಜಾಡಿ ದಾಟಿ, ಮುಳ್ಳಿಕಟ್ಟೆಯಲ್ಲಿ ಹೆದ್ದಾರಿ ಹತ್ತಿ ಹೆಮ್ಮಾಡಿ ತಲುಪುವಷ್ಟರಲ್ಲಿ ಅವಳು ಸೆರಗನ್ನು ಕಿವಿಗೆ ಒತ್ತಿಕೊಂಡಿದ್ದಳು. "ಅದನ್ನ್ ಬಂದ್ ಮಾಡ್ ಮಗಾ, ಕೆಮಿಗೆ ಸೂಜಿ ಚುಚ್ದಂಗ್ ಆತ್ತ್" ಎಂದಳು. ಕಾರಿನಲ್ಲಿ ಬರುತ್ತಿದ್ದುದು ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಪದ. ನಾವಡರು ತೀರಿಕೊಂಡದ್ದು 1990ರಲ್ಲಿ. ಅಲ್ಲಿಂದ ಆ ದಿನದವರೆಗೆ ನಮ್ಮ ಮನೆಯಲ್ಲಿ ಅವರ ಪದ ನಿಲ್ಲಿಸು ಎಂದವರಿರಲಿಲ್ಲ. ಅಮ್ಮ ಹಾಗೆಂದಾಗ ನನಗೆ ನಿಜಕ್ಕೂ ನೋವಾಯಿತು. ಯಾಕೆಂದರೆ ಆ ಪದಗಳನ್ನು ಚೆನ್ನಾಗಿ ಕೇಳಬೇಕೆಂದೇ ನಾನು ಹದಿನೈದು ದಿನದ ಹಿಂದೆ ಕಾರಿನ ಸ್ಪೀಕರ್‌ಗಳನ್ನೆಲ್ಲ ಬದಲಿಸಿದ್ದೆ.

ಕಂಪನಿಯಿಂದ ಬಂದಾಗ ಕಾರಿನಲ್ಲಿದ್ದದ್ದು ಬಾಗಿಲಿಗೊಂದು ಕಾಗದದ ಕೋನ್ ಸ್ಪೀಕರ್, ಅಷ್ಟೆ. ಅದನ್ನು ತೆಗೆಸಿ ಆರೂವರೆ ಇಂಚಿನ ಕಾಂಪೊನೆಂಟ್ ಸೆಟ್ ಹಾಕಿಸಿದೆ. ಬಾಗಿಲಲ್ಲಿ ವೂಫರ್, ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಲೋಹದ ಡೋಮ್ ಇರುವ ಟ್ವೀಟರ್, ಸೀಟಿನ ಕೆಳಗೆ ಆಂಪ್ಲಿಫೈಯರ್. ಮೊದಲ ದಿನ ಎಲ್ಲವೂ ಸ್ಪಷ್ಟವಾಗಿ ಕೇಳಿ ಹಿಗ್ಗಿದೆ. ಮೂರನೆಯ ದಿನಕ್ಕೆ ತಲೆನೋವು ಶುರುವಾಯಿತು. 'ಸ', 'ಶ' ಬಂದಲ್ಲೆಲ್ಲ ಕಾದ ಕಾವಲಿಗೆ ಬಂಗುಡೆ ಹಾಕಿದ ಹಾಗೆ ಚೊಂಯ್ ಎನ್ನುತ್ತಿತ್ತು. ಭಾಗವತರ ತಾಳ ತಗಡು ಬಡಿದ ಹಾಗೆ ಕೇಳುತ್ತಿತ್ತು.

ಚಂಡೆಯ ಸದ್ದೇ ಹಾಗೆ ಎಂದು ಕೆಲವರು ಸಮಾಧಾನ ಹೇಳಿದರು. ನನಗದು ಒಪ್ಪಿಗೆಯಾಗಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಆಟ ನೋಡಿ ಬೆಳೆದವರು ನಾವು. ಬಯಲಾಟದ ಚಂಡೆ ಎದೆಗೆ ಬಂದು ತಾಗುತ್ತದೆ, ಮೈ ಜುಮ್ಮೆನ್ನಿಸುತ್ತದೆ. ಆದರೆ ಕಿವಿ ಕೊರೆಯುವುದಿಲ್ಲ. ಅಷ್ಟು ದೊಡ್ಡ ಸದ್ದು ಬಯಲಲ್ಲಿ ಹಿತವಾಗಿ, ಅದರ ಕಾಲಂಶವೂ ಇಲ್ಲದ ಸದ್ದು ಕಾರಿನಲ್ಲಿ ಹಿಂಸೆಯಾಗುತ್ತದೆ ಎಂದರೆ ತಪ್ಪು ಚಂಡೆಯದ್ದಲ್ಲ.

ಲೋಹದ ಡೋಮ್ ತೆಗೆದು ರೇಷ್ಮೆ ಬಟ್ಟೆಯ ಡೋಮ್ ಹಾಕಿ, ಏಳು ಸಾವಿರವಾಗುತ್ತದೆ ಎಂಬ ಸಲಹೆ ಬಂತು. ದುಡ್ಡು ಕೊಡುವುದಕ್ಕೂ ತಯಾರಾಗಿದ್ದೆ. ಅದಕ್ಕೂ ಮುಂಚೆ ಒಂದು ರಾತ್ರಿ ಬಂದರಿನ ಹತ್ತಿರ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಒಬ್ಬನೇ ಕೂತು ಪರೀಕ್ಷಿಸಿದೆ.

ಮೊದಲು ಸ್ಟೀರಿಯೊದ ಈಕ್ವಲೈಜರ್ ತೆರೆದೆ. ಕೂರಿಸಿದವರು ಬೇಸ್ ಮತ್ತು ಟ್ರೆಬಲ್ ಎರಡನ್ನೂ ಮೇಲೇರಿಸಿ, ಲೌಡ್‌ನೆಸ್ ಆನ್ ಮಾಡಿಟ್ಟಿದ್ದರು. ಅಂಗಡಿಯಲ್ಲಿ ಐದು ನಿಮಿಷ ಕೇಳಿಸಿ ಮೆಚ್ಚಿಸುವುದಕ್ಕೆ ಅದು ಸರಿ, ಕುಂದಾಪುರದಿಂದ ಉಡುಪಿಯವರೆಗೆ ಕೇಳುವುದಕ್ಕಲ್ಲ. ಎಲ್ಲವನ್ನೂ ಸೊನ್ನೆಗೆ ತಂದೆ. ಹಿಂಸೆ ಅರ್ಧ ಇಳಿಯಿತು. ಆಮೇಲೆ ಆಂಪ್ಲಿಫೈಯರ್‌ನ ಗೇನ್ ತಗ್ಗಿಸಿದೆ. ಗೇನ್ ಅತಿಯಾದರೆ ಅಲೆಯ ತಲೆ ಚಪ್ಪಟೆಯಾಗಿ, ಮೂಲದಲ್ಲಿ ಇಲ್ಲದ ಏರುಸ್ವರಗಳು ಹುಟ್ಟಿ ನೇರ ಟ್ವೀಟರಿಗೆ ಹೋಗುತ್ತವೆ.

ಇನ್ನರ್ಧ ಹೋಗಲಿಲ್ಲ. ಬಲಗಡೆಯ ಟ್ವೀಟರ್ ಮೇಲೆ ಮಡಚಿದ ಬೈರಾಸು (ಟವೆಲ್) ಒತ್ತಿ ಹಿಡಿದೆ. ಥಟ್ಟನೆ ನೆಮ್ಮದಿ. ಅಂದರೆ ಹೆಚ್ಚಿನ ಏಟು ಬರುತ್ತಿದ್ದುದು ನನ್ನ ಕಿವಿಗೆ ಎರಡು ಅಡಿ ದೂರದಲ್ಲಿದ್ದ ಅದರಿಂದಲೇ.

ಮರುದಿನ ಕಂಬದ ಪ್ಲಾಸ್ಟಿಕ್ ಬಿಚ್ಚಿದೆ. ಟ್ವೀಟರಿನ ತಂತಿಗೆ ಬೆರಳ ತುದಿಯಷ್ಟು ದೊಡ್ಡ ನೀಲಿ ಕೆಪಾಸಿಟರ್ ಸಿಕ್ಕಿಸಿ, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಬಿಸಿಲಿಗೆ ಟೇಪಿನ ಅಂಟು ಕರಗಿ ಇಳಿದಿತ್ತು. ಒರೆಸಿದಾಗ ಕಂಡಿತು: 10 ಮೈಕ್ರೋಫ್ಯಾರಡ್. ಬರೀ ಹೊಸೆದು ಬಿಟ್ಟಿದ್ದ ತಾಮ್ರದ ಎಳೆಗಳು ಹದಿನೈದೇ ದಿನಕ್ಕೆ ಕಪ್ಪಾಗಿ, ತುದಿಯಲ್ಲಿ ಹಸಿರು ಕಿಲುಬು ಇಣುಕುತ್ತಿತ್ತು. ನಮ್ಮೂರಿನ ಉಪ್ಪುಗಾಳಿ ಬೆಸುಗೆಯಿಲ್ಲದ ತಂತಿಯನ್ನು ಬಿಡುವುದಿಲ್ಲ.

ಆಗ ನೆನಪಾಯಿತು, ಸ್ಪೀಕರ್ ಸೆಟ್ಟಿನ ಜೊತೆ ಎರಡು ಕ್ರಾಸ್‌ಓವರ್ ಪೆಟ್ಟಿಗೆಗಳು ಬರಬೇಕು. ಅಟ್ಟ ಹತ್ತಿ ಖಾಲಿ ಎಂದು ಇಟ್ಟಿದ್ದ ರಟ್ಟಿನ ಡಬ್ಬ ಇಳಿಸಿದೆ. ಅದರ ತಳದಲ್ಲಿ ಎರಡೂ ಇದ್ದವು, ಪ್ಲಾಸ್ಟಿಕ್ ಲಕೋಟೆ ಕೂಡ ಹರಿದಿರಲಿಲ್ಲ. ಬಾಗಿಲೊಳಗೆ ಜಾಗ ಸಾಲದೆಂದೋ, ಹೊತ್ತು ಉಳಿಯಲೆಂದೋ, ಅವನ್ನು ಬಿಟ್ಟು ಕೆಪಾಸಿಟರ್ ಒಂದರಿಂದಲೇ ಕೆಲಸ ಮುಗಿಸಿದ್ದರು.

ಇದರಲ್ಲಿ ಏನು ವ್ಯತ್ಯಾಸ ಎಂದು ಕೇಳಬಹುದು. ಟ್ವೀಟರ್ ಸಣ್ಣ ಡೋಮ್, ಅದು ಏರುಸ್ವರಗಳಿಗಷ್ಟೇ ಸೈ. ಕೆಳಗಿನ ಸ್ವರಗಳನ್ನು ಅದರಿಂದ ದೂರವಿಡುವುದು ಕ್ರಾಸ್‌ಓವರಿನ ಕೆಲಸ. ನಾಲ್ಕು ಓಮ್ ಟ್ವೀಟರಿಗೆ 10 ಮೈಕ್ರೋಫ್ಯಾರಡ್ ಹಾಕಿದರೆ ತಡೆ ಶುರುವಾಗುವುದು ಸುಮಾರು 4,000 ಹರ್ಟ್ಸ್‌ನಲ್ಲಿ, ಅದೂ ಆಕ್ಟೇವ್ ಒಂದಕ್ಕೆ ಬರೀ 6 ಡೆಸಿಬಲ್ ಇಳಿಜಾರಿನಲ್ಲಿ. ಹಾಗಾಗಿ 2,000 ಹರ್ಟ್ಸ್‌ನ ಸ್ವರವೂ ಸಾಕಷ್ಟು ನುಸುಳಿ ಬಂದು ಪುಟ್ಟ ಡೋಮನ್ನು ಅದರ ಶಕ್ತಿ ಮೀರಿ ಕುಣಿಸುತ್ತದೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದೂ ಎರಡರಿಂದ ಐದು ಸಾವಿರ ಹರ್ಟ್ಸ್‌ನ ನಡುವೆಯೇ. ಅಮ್ಮ ಸೂಜಿ ಎಂದದ್ದು ಇದನ್ನೇ. ಪೆಟ್ಟಿಗೆಯಲ್ಲಿದ್ದದ್ದು 12 ಡೆಸಿಬಲ್ ಇಳಿಜಾರಿನ ಸರ್ಕ್ಯೂಟ್. ಜೊತೆಗೆ ಟ್ವೀಟರಿನ ಮಟ್ಟ ತಗ್ಗಿಸಲು ಸೊನ್ನೆ, ಮೈನಸ್ 3, ಮೈನಸ್ 6 ಎಂಬ ಮೂರು ಜಾಗಗಳ ಒಂದು ಪಿನ್ನು.

ಪೆಟ್ಟಿಗೆಗಳನ್ನು ಬಾಗಿಲೊಳಗೆ ಇಡಲಿಲ್ಲ. ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲೊಳಗೆ ಇಳಿದೇ ಕೆಳಗಿನ ತೂತುಗಳಿಂದ ಹೊರಹೋಗುವುದು. ಕರಾವಳಿಯ ಜೂನ್, ಜುಲೈ ಗೊತ್ತಿದ್ದವರು ಅಲ್ಲಿ ಸರ್ಕ್ಯೂಟ್ ಇಡಬಾರದು. ಡ್ಯಾಶ್‌ಬೋರ್ಡಿನ ಕೆಳಗೆ ಒಣ ಜಾಗ ನೋಡಿ ಕಟ್ಟಿದೆ. ಪ್ರತಿ ಜೋಡಣೆಗೂ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ತೊಡಿಸಿದೆ. ಹಾಗೆ ಮಾಡುವಾಗ ಇನ್ನೊಂದು ತಪ್ಪು ಸಿಕ್ಕಿತು. ಎಡ ಟ್ವೀಟರಿನ ಪ್ಲಸ್, ಮೈನಸ್ ಅದಲು ಬದಲಾಗಿತ್ತು. ಭಾಗವತರ ದನಿ ನಡುವೆ ನಿಲ್ಲದೆ ಚೆದುರಿ ಕೇಳುತ್ತಿದ್ದುದಕ್ಕೆ ಅದೂ ಕಾರಣ.

ಟ್ವೀಟರ್‌ಗಳ ಮುಖ ಗಾಜಿಗೆ ತಿರುಗಿತ್ತು. ನೇರ ಸದ್ದಿನ ಹಿಂದೆಯೇ ಗಾಜಿಗೆ ಬಡಿದ ಸದ್ದೂ ಬಂದು ಸೇರುತ್ತಿತ್ತು. ಎರಡನ್ನೂ ಕಾರಿನ ಮಧ್ಯದ ಚಾವಣಿ ದೀಪದ ಕಡೆ ತಿರುಗಿಸಿದೆ. ಬಾಗಿಲ ತಗಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ ದೊಡ್ಡ ತೂತುಗಳನ್ನು ಮುಚ್ಚಿದೆ. ನೀರು ಹೋಗುವ ಕೆಳಗಿನ ತೂತುಗಳನ್ನು ಮಾತ್ರ ಮುಟ್ಟಲಿಲ್ಲ. ಬಾಗಿಲಿನ ಈ ಕೆಲಸದಿಂದ ಮದ್ದಲೆಗೆ ತೂಕ ಬಂತು. ಕೆಳಗಿನ ಸ್ವರ ತುಂಬಿ ಬಂದ ಮೇಲೆ ಮೇಲಿನದು ಅಷ್ಟು ಎದ್ದು ಕಾಣುವುದಿಲ್ಲ.

ಪರೀಕ್ಷೆಗೆ ಯಾವ ಧ್ವನಿಮುದ್ರಣ ಹಾಕಬೇಕು ಎನ್ನುವುದರಲ್ಲೂ ನಾನು ಎಡವಿದ್ದೆ. ನಾವಡರ ನನ್ನ ಸಂಗ್ರಹ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಎಂಪಿತ್ರೀಗೆ ಇಳಿದದ್ದು. ಅದರಲ್ಲಿ ಟೇಪಿನ ಹಿಸ್ ಸದ್ದು ಇದ್ದೇ ಇರುತ್ತದೆ. ಅದನ್ನೂ ಟ್ವೀಟರಿನ ತಲೆಗೆ ಕಟ್ಟಿದರೆ ಪಿನ್ನು ಮೈನಸ್ 6ಕ್ಕೆ ಹೋಗಿ ಎಲ್ಲವೂ ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ನನಗೆ ಹಾಗೇ ಆಯಿತು. ಆಮೇಲೆ ಈಚಿನ ಶುದ್ಧ ಮುದ್ರಣಗಳನ್ನು, ಅದರಲ್ಲೂ ಮಾತೇ ಮುಖ್ಯವಾದ ತಾಳಮದ್ದಲೆಯನ್ನು ಹಾಕಿ, ಮನುಷ್ಯರು ಎದುರು ಕೂತು ಮಾತಾಡಿದಂತೆ ಕೇಳುವವರೆಗೆ ಸರಿಪಡಿಸಿದೆ. ಪಿನ್ನು ಮೈನಸ್ 3ರಲ್ಲಿ ನಿಂತಿತು.

ಅದಾಗಿ ಎರಡು ಮಳೆಗಾಲ ಕಳೆದವು. ಲೋಹದ ಡೋಮಿನ ಅದೇ ಟ್ವೀಟರ್‌ಗಳು ಇವತ್ತಿಗೂ ಕಾರಿನಲ್ಲಿವೆ. ಮೊನ್ನೆ ಮಾರಣಕಟ್ಟೆಗೆ ಹೋಗಿ ಬರುವಾಗ ದಾರಿಯುದ್ದಕ್ಕೂ ನಾವಡರ ಪದ ಕೇಳುತ್ತಿತ್ತು, ಅಮ್ಮನ ಸೆರಗು ಹೆಗಲ ಮೇಲೇ ಇತ್ತು. ನಿಮ್ಮ ಕಾರಿನ ಟ್ವೀಟರೂ ಕಿವಿ ಚುಚ್ಚುತ್ತಿದ್ದರೆ ಹೊಸದಕ್ಕೆ ದುಡ್ಡು ಕೊಡುವ ಮುಂಚೆ ಈಕ್ವಲೈಜರನ್ನು ಸೊನ್ನೆಗೆ ತನ್ನಿ, ಒಂದು ಬೈರಾಸು ಒತ್ತಿ ನೋಡಿ, ಸ್ಪೀಕರ್ ಬಂದ ಡಬ್ಬವನ್ನು ಅಟ್ಟದಿಂದ ಇಳಿಸಿ ಅದರ ತಳ ತಡಕಿ.